ಕಲಿಯುವವರ ದುಡಿಮೆ

ಕಾಲೇಜಿನ ಮೊದಲನೆಯ ವರ್ಷಕ್ಕೆ ಸೇರಿದ ವಿದ್ಯಾರ್ಥಿಗೆ ಹಿರಿಯರಾದ ನಾವು ಕೊಡುವ ಬುದ್ಧಿವಾದ ಬಹುಮಟ್ಟಿಗೆ ಒಂದೇ ಮಾತಿನದು: ‘ಬೇರೆ ಯೋಚನೆಗಳನ್ನೆಲ್ಲ ಬಿಟ್ಟು ಓದು.’ ಮಾತೇನೋ ಒಳ್ಳೆಯದೇ. ಆದರೆ ಬೇರೆ ಯೋಚನೆಗಳನ್ನು ಬಿಡುವ ಸ್ವಾತಂತ್ರ್ಯ ಎಲ್ಲ ವಿದ್ಯಾರ್ಥಿಗಳಿಗೂ ಇರುವುದಿಲ್ಲವೆಂಬುದನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ತಂದೆಯ ಕೈ ಸೋತಿರುವ ಮನೆಯಿಂದ ಬಂದ ಹುಡುಗನಿಗೆ ಶುಲ್ಕದ ಯೋಚನೆಯನ್ನು ಬಿಡು ಎಂದರೆ ಅವನು ಕಾಲೇಜನ್ನೇ ಬಿಡಬೇಕಾದೀತು. ಅವನು ಓದಲೂ ಬೇಕು, ದುಡಿಯಲೂ ಬೇಕು. ಇವೆರಡರ ಮೇಲೆ ಈಚಿನ ವರ್ಷಗಳಲ್ಲಿ ಮೂರನೆಯದೊಂದು ಹೊರೆಯೂ ಸೇರಿಕೊಂಡಿದೆ. ಅದು ಶೋಧನೆ, ಎಂದರೆ ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿಯನ್ನು ತಾನಾಗಿ ಹುಡುಕಿ ಕಂಡುಕೊಳ್ಳುವ ಅಭ್ಯಾಸ. ಪಾಠ, ಗಳಿಕೆ, ಶೋಧನೆ ಈ ಮೂರನ್ನೂ ಹದಿನೆಂಟು ವರ್ಷದ ಹೆಗಲು ಹೇಗೆ ಹೊರಬೇಕು, ಹೊರುವಾಗ ಅದಕ್ಕೆ ಯಾರು ಕೈಕೊಡಬೇಕು ಎಂಬುದೇ ಇಂದಿನ ನಮ್ಮ ವಿಚಾರ.

ಈ ವಿಚಾರವನ್ನು ಬರಿಯ ಉಪದೇಶದ ರೂಪದಲ್ಲಿ ಹೇಳುವುದಕ್ಕಿಂತ ಒಂದು ಪ್ರದೇಶವನ್ನು ಕಣ್ಣ ಮುಂದೆ ಇಟ್ಟುಕೊಂಡು ಹೇಳುವುದು ಲೇಸು. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಕುಮಟೆ, ಹೊನ್ನಾವರ, ಭಟ್ಕಳ ಎಂಬ ಮೂರು ಊರುಗಳು ಒಂದೇ ಹೆದ್ದಾರಿಯ ಮೇಲೆ ಒಂದರ ಕೆಳಗೊಂದು ಇವೆ. ಕುಮಟೆಯಿಂದ ಹೊನ್ನಾವರಕ್ಕೆ ಸುಮಾರು 20 ಕಿಲೋಮೀಟರು. ಅಲ್ಲಿಂದ ಭಟ್ಕಳಕ್ಕೆ ಸುಮಾರು 40. ಪಡುವಲಲ್ಲಿ ಸಮುದ್ರ, ಮೂಡಲಲ್ಲಿ ಘಟ್ಟ. ನಡುವೆ ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳು. ಈ ಮೂರು ಊರುಗಳಿಗೂ ಇಂದು ಕಾಲೇಜುಗಳಿವೆ. ಆದರೆ ಅವು ಬಹಳ ಹಿಂದಿನವಲ್ಲ.

ಆ ಜಿಲ್ಲೆ 1862ರಿಂದ 1956ರ ವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೈಸ್ಕೂಲು ಮುಗಿಸಿದ ಹುಡುಗ ಮುಂದೆ ಓದಬೇಕೆಂದರೆ ಘಟ್ಟವನ್ನು ಹತ್ತಿ ಧಾರವಾಡಕ್ಕೆ ಹೋಗಬೇಕು, ಇಲ್ಲವೆ ಸಾಂಗಲಿ, ಪುಣೆ, ಮುಂಬಯಿಗಳ ದಾರಿ ಹಿಡಿಯಬೇಕು. ಕುಮಟೆಯಲ್ಲಿ 1949ರಲ್ಲಿ ಕೆನರಾ ಕಾಲೇಜು ಪ್ರಾರಂಭವಾಯಿತು. ಪ್ರಸಿದ್ಧ ಶಸ್ತ್ರವೈದ್ಯರಾಗಿದ್ದ ಡಾ. ಎ. ವಿ. ಬಾಳಿಗಾ ಅವರ ಹೆಸರನ್ನು ಅದು ಈಗ ಹೊತ್ತಿದೆ. ಹೊನ್ನಾವರದ ಎಸ್. ಡಿ. ಎಂ. ಕಾಲೇಜು 1964ರಲ್ಲಿ ಹುಟ್ಟಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದ ವಿ. ಸೀತಾರಾಮಯ್ಯನವರು ಅದರ ಮೊದಲಿನ ವರ್ಷಗಳಲ್ಲಿ ಪ್ರಾಂಶುಪಾಲರಾಗಿದ್ದರೆಂಬುದನ್ನು ಇತ್ತಕಡೆಯ ಶ್ರೋತೃಗಳು ನೆನೆಯಬಹುದು. ಭಟ್ಕಳದಲ್ಲಿ 1919ರಲ್ಲಿ ಸ್ಥಾಪಿತವಾದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯು 1968ರಲ್ಲಿ ಕಲಾ ಮತ್ತು ವಿಜ್ಞಾನಗಳ ಕಾಲೇಜನ್ನೂ 1980ರಲ್ಲಿ ಎಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು.

ಮನೆಯ ಬಾಗಿಲಿಗೆ ಕಾಲೇಜು ಬಂದುದರಿಂದ ಆದ ದೊಡ್ಡ ಪ್ರಯೋಜನ ಯಾವುದು? ಪರಊರಿನಲ್ಲಿ ಇರುವ ಖರ್ಚು ತಪ್ಪಿತು. ಬಡವರ ಮಕ್ಕಳೂ, ಅದಕ್ಕಿಂತ ಹೆಚ್ಚಾಗಿ ಹೆಣ್ಣುಮಕ್ಕಳೂ, ಕಾಲೇಜಿನ ಮೆಟ್ಟಿಲು ಹತ್ತಿದರು. ಆದರೆ ಇದರ ಜೊತೆಗೇ ಇನ್ನೊಂದು ಸಂಗತಿಯೂ ನಡೆಯಿತು. ಧಾರವಾಡಕ್ಕೆ ಹೋದ ಹುಡುಗ ಮನೆಯ ಕೆಲಸದಿಂದ ದೂರವಾಗುತ್ತಿದ್ದನು. ಮನೆಯಲ್ಲಿಯೇ ಇದ್ದು ಓದುವ ಹುಡುಗ ಓದನ್ನು ಮನೆಯ ಕೆಲಸದ ನಡುವೆ ನಡೆಸಬೇಕಾಯಿತು. ತೋಟ, ದೋಣಿ, ಅಂಗಡಿ, ಅಡಿಗೆಮನೆ ಇವೆಲ್ಲವೂ ಅವನ, ಅವಳ ದಿನದಲ್ಲಿ ಪಾಲು ಕೇಳುತ್ತವೆ. ಕಾಲೇಜು ಹತ್ತಿರ ಬಂದಿತು. ಬಿಡುವು ದೂರ ಹೋಯಿತು.

ದುಡಿದು ಓದುವುದು ನಮ್ಮಲ್ಲಿ ಹೊಸ ಸಂಗತಿಯೇನೂ ಅಲ್ಲ. ವಾರಾನ್ನದ ಪದ್ಧತಿಯನ್ನು ಹಿರಿಯರೆಲ್ಲರೂ ಬಲ್ಲರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಏಳು ದಿನ ಉಂಡು ವಿದ್ಯಾರ್ಥಿಯು ಓದುತ್ತಿದ್ದನು. ಅದು ದಾನವೆಂದು ಹೆಸರು. ವಾಸ್ತವದಲ್ಲಿ ಅನೇಕ ಮನೆಗಳಲ್ಲಿ ಅವನು ನೀರು ಸೇದಿ, ಹೂವು ಕೊಯ್ದು, ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ಆ ಅನ್ನದ ಋಣವನ್ನು ತೀರಿಸುತ್ತಿದ್ದನು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ತಮ್ಮ ವ್ಯಾಸಂಗದ ಖರ್ಚನ್ನು ತೂಗಿಸಿಕೊಂಡರು, 1881ರಲ್ಲಿ ಬಿ. ಎ. ಪದವಿಯನ್ನು ಪಡೆದರು. ಇಂತಹ ಕಥೆಗಳನ್ನು ನಾವು ಶಾಲೆಯ ಸಮಾರಂಭಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ಬೀದಿಯ ದೀಪದ ಕೆಳಗೆ ಕುಳಿತು ಓದಿ ದೊಡ್ಡವರಾದವರನ್ನು ಮಕ್ಕಳಿಗೆ ಮಾದರಿಯಾಗಿ ತೋರಿಸುತ್ತೇವೆ.

ತೋರಿಸುವುದು ತಪ್ಪಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ದೋಷ ಉಂಟು. ಬೀದಿದೀಪದ ಕೆಳಗೆ ಓದಿ ಗೆದ್ದವರ ಹೆಸರು ಮಾತ್ರ ನಮ್ಮ ಕಿವಿಗೆ ಬಿದ್ದಿದೆ. ಅದೇ ದೀಪದ ಕೆಳಗೆ ತೂಕಡಿಸಿ, ಪರೀಕ್ಷೆಯಲ್ಲಿ ತಪ್ಪಿ, ಎರಡನೆಯ ವರ್ಷಕ್ಕೆ ಮೊದಲೇ ಪುಸ್ತಕ ಮಾರಿ ಕೂಲಿಗೆ ಹೋದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ. ಅವರಲ್ಲಿ ಬುದ್ಧಿವಂತರು ಇರಲಿಲ್ಲವೆಂದು ಯಾರು ಹೇಳಬಲ್ಲರು? ಕಷ್ಟವು ಮನುಷ್ಯನನ್ನು ಗಟ್ಟಿಮಾಡುತ್ತದೆ ಎಂಬ ಮಾತನ್ನು ಹೊಟ್ಟೆ ತುಂಬಿದವರು ಹೇಳುವಾಗ ಸ್ವಲ್ಪ ಯೋಚಿಸಿ ಹೇಳಬೇಕು. ದುಡಿಮೆಯಿಂದ ವಿದ್ಯಾರ್ಥಿ ಕೆಡುವುದಿಲ್ಲ. ಅಳತೆಯಿಲ್ಲದ ದುಡಿಮೆಯಿಂದ ಕೆಡುತ್ತಾನೆ. ಆದುದರಿಂದ ಮೊದಲು ಅಳತೆಯನ್ನು ನೋಡೋಣ.

ವಾರಕ್ಕೆ 168 ಗಂಟೆಗಳು. ದಿನಕ್ಕೆ ಎಂಟು ಗಂಟೆಯಂತೆ ನಿದ್ರೆಗೆ 56 ಗಂಟೆಗಳನ್ನು ಕಳೆದರೆ 112 ಉಳಿಯುತ್ತವೆ. ಸ್ನಾನ, ಊಟ, ಬಸ್ಸಿನ ಪ್ರಯಾಣ ಇವುಗಳಿಗೆ ದಿನಕ್ಕೆ ನಾಲ್ಕು ಗಂಟೆಯೆಂದರೆ 28 ಹೋಗಿ 84 ನಿಲ್ಲುತ್ತವೆ. ತರಗತಿಗಳೂ ಪ್ರಯೋಗಶಾಲೆಯೂ ಸೇರಿ ಸುಮಾರು 30 ಗಂಟೆಗಳೆಂದು ಹಿಡಿಯೋಣ, ಉಳಿದುದು 54. ತರಗತಿಯಲ್ಲಿ ಕೇಳಿದುದನ್ನು ಮನೆಯಲ್ಲಿ ಮತ್ತೆ ಓದಿ ಬರೆದು ಅರಗಿಸಿಕೊಳ್ಳಲು ವಾರದ ಆರು ದಿನ ನಾಲ್ಕು ನಾಲ್ಕು ಗಂಟೆ ಬೇಕು, ಅದು 24. ಕೊನೆಗೆ ಕೈಯಲ್ಲಿ ಉಳಿಯುವುದು 30 ಗಂಟೆ. ಮನೆಯ ಕೆಲಸ, ಗೆಳೆಯರ ಮಾತು, ಆಟ, ಹಬ್ಬ, ಕಾಯಿಲೆ, ಗಳಿಕೆ, ಶೋಧನೆ ಎಲ್ಲವೂ ಈ 30ರ ಒಳಗೆ ಹಿಡಿಯಬೇಕು.

ಈಗ ಒಬ್ಬ ಹುಡುಗ ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ 12 ಗಂಟೆ ದುಡಿದರೆ ಅವನ ಬಳಿ 18 ಗಂಟೆ ಉಳಿದಿರುತ್ತವೆ. ಮನೆಗೆಲಸಕ್ಕೂ ಮನಸ್ಸಿಗೂ ಅಷ್ಟು ಸಾಕಾದೀತು. ಆದರೆ ಸಂಜೆ ಐದರಿಂದ ರಾತ್ರಿ ಹತ್ತರ ವರೆಗೆ ಅಂಗಡಿಯಲ್ಲಿ ನಿಂತರೆ ಆರು ದಿನಕ್ಕೆ 30 ಗಂಟೆಗಳೂ ಮುಗಿದವು. ಮುಂದಿನ ಪ್ರತಿಯೊಂದು ಗಂಟೆಯನ್ನೂ ಅವನು ಎಲ್ಲಿಂದಲಾದರೂ ಸಾಲ ತರಬೇಕು. ಮೊದಲು ಶೋಧನೆಯಿಂದ ತರುತ್ತಾನೆ, ಏಕೆಂದರೆ ಅದನ್ನು ಯಾರೂ ಕೇಳುವವರಿಲ್ಲ. ಆಮೇಲೆ ಮನೆಯ ಓದಿನಿಂದ, ಆಮೇಲೆ ನಿದ್ರೆಯಿಂದ. ನಿದ್ರೆ ಮಾತ್ರ ತನ್ನ ಸಾಲವನ್ನು ತಪ್ಪದೆ ವಸೂಲು ಮಾಡುತ್ತದೆ. ಮರುದಿನ ಬೆಳಿಗ್ಗೆ ಹತ್ತೂವರೆಯ ತರಗತಿಯಲ್ಲಿ, ಅಧ್ಯಾಪಕರ ಎದುರಿಗೇ ವಸೂಲು ಮಾಡುತ್ತದೆ. ನೂರಕ್ಕೆ 75ರಷ್ಟು ಹಾಜರಿ ಇರಬೇಕೆಂಬ ನಿಯಮವನ್ನು ಅವನ ಶರೀರ ಪಾಲಿಸುತ್ತದೆ, ಮನಸ್ಸು ಪಾಲಿಸುವುದಿಲ್ಲ.

ಹೊರದೇಶದ ಒಂದು ನಿಯಮವನ್ನು ಇಲ್ಲಿ ಜ್ಞಾಪಿಸಬಹುದು. ಅಮೆರಿಕೆಗೆ ಓದಲು ಹೋಗುವ ನಮ್ಮ ಮಕ್ಕಳು ಕಾಲೇಜಿನ ಆವರಣದಲ್ಲಿ ಪುಸ್ತಕಭಂಡಾರದಲ್ಲಿಯೋ ಊಟದ ಶಾಲೆಯಲ್ಲಿಯೋ ದುಡಿಯಬಹುದು. ಆದರೆ ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳನ್ನು ಮೀರಕೂಡದೆಂದು ಆ ದೇಶದ ಕಾನೂನು ಹೇಳುತ್ತದೆ. ಅವರ ಉದ್ದೇಶ ಏನೇ ಇರಲಿ, ವಿದ್ಯಾರ್ಥಿಯ ದುಡಿಮೆಗೆ ಒಂದು ಮೇರೆ ಇರಬೇಕೆಂಬ ತತ್ತ್ವ ಅದರಲ್ಲಿ ಅಡಗಿದೆ. ನಮ್ಮ ಊರುಗಳಲ್ಲಿ ಅಂಗಡಿಯ ಯಜಮಾನನೂ ಮನೆಯ ಯಜಮಾನನೂ ಇಂತಹ ಮೇರೆಯನ್ನು ಮನಸ್ಸಿನಲ್ಲಾದರೂ ಹಾಕಿಕೊಂಡಿದ್ದಾರೆಯೆ?

ನಾವು ಮೊದಲು ಹೇಳಿದ ಮೂರು ಊರುಗಳಲ್ಲಿ ವಿದ್ಯಾರ್ಥಿಗಳಿಗೆ ದೊರೆಯುವ ಕೆಲಸಗಳಾದರೂ ಯಾವುವು? ಭಟ್ಕಳದ ಮಲ್ಲಿಗೆ ಹೆಸರಾದುದು. ಮೊಗ್ಗನ್ನು ಬೆಳಗಿನಲ್ಲಿಯೇ ಕೊಯ್ದು, ಅರಳುವ ಮುಂಚೆ ದಂಡೆ ಕಟ್ಟಿ, ಹೊರಡುವ ಬಸ್ಸಿಗೆ ಮುಟ್ಟಿಸಬೇಕು. ಎಷ್ಟೋ ಮನೆಗಳಲ್ಲಿ ಕಾಲೇಜಿಗೆ ಹೊರಡುವ ಹುಡುಗಿಯ ಕೈಬೆರಳುಗಳು ಅದಕ್ಕೆ ಮೊದಲೇ ಒಂದು ಸರದಿಯ ಕೆಲಸವನ್ನು ಮುಗಿಸಿರುತ್ತವೆ. ಹೊನ್ನಾವರದ ಕಡೆಯ ತೋಟಗಳಲ್ಲಿ ಚಳಿಗಾಲದ ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದುಂಟು, ಸುಲಿದಷ್ಟಕ್ಕೆ ಕೂಲಿ. ಮೀನುಗಾರರ ಮನೆಯ ಹುಡುಗರು ದೋಣಿ ದಡಕ್ಕೆ ಬಂದ ಹೊತ್ತಿನಲ್ಲಿ ಬಲೆ ಬಿಡಿಸಲು, ಬುಟ್ಟಿ ಹೊರಲು ಹೋಗುತ್ತಾರೆ. ಇನ್ನು ಕೆಲವರು ಮದುವೆಯ ಮನೆಗಳಲ್ಲಿ ಬಡಿಸಲು, ಔಷಧದ ಅಂಗಡಿಯಲ್ಲಿ ಲೆಕ್ಕ ಬರೆಯಲು, ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಲು ಹೋಗುತ್ತಾರೆ. ಕಾಲೇಜಿನ ಆವರಣದೊಳಗೇ ಸಂಬಳದ ಕೆಲಸ ಸಿಗುವುದು ಅಪರೂಪ.

ಈ ಕೆಲಸಗಳಲ್ಲಿ ಒಂದೊಂದಕ್ಕೂ ಒಂದೊಂದು ಗಡಿಯಾರ ಉಂಟೆಂಬುದನ್ನು ಗಮನಿಸಬೇಕು. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷಿದ್ಧ. ಆ ಎರಡು ತಿಂಗಳ ಸಂಪಾದನೆ ನಿಂತ ಮನೆಯಲ್ಲಿಯೇ ಕಾಲೇಜಿಗೆ ಸೇರುವ ಶುಲ್ಕವನ್ನೂ ಹೊಂದಿಸಬೇಕಾಗುತ್ತದೆ; ದೋಣಿ ನೀರಿಗಿಳಿದು ಕೆಲಸ ಹೆಚ್ಚುವ ಕಾಲಕ್ಕೆ ಪಾಠವೂ ಬಿರುಸಾಗುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು, ಚಿಪ್ಪಿಗಳನ್ನು ಆಯುವವರ ಗಡಿಯಾರ ಇನ್ನೂ ವಿಚಿತ್ರವಾದುದು. ನೀರು ಇಳಿದಾಗಲೇ ಅವರು ಕೆಸರಿಗೆ ಇಳಿಯಬೇಕು. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಈ ದಿನ ಬೆಳಿಗ್ಗೆ ಆರು ಗಂಟೆಗೆ ಇಳಿತವಾದರೆ ಐದು ದಿನಗಳಾದ ಮೇಲೆ ಅದು ಹತ್ತು ಗಂಟೆಯನ್ನು ದಾಟಿರುತ್ತದೆ. ಕಾಲೇಜಿನ ಗಂಟೆ ಮಾತ್ರ ಚಂದ್ರನನ್ನು ನೋಡಿ ಬಾರಿಸುವುದಿಲ್ಲ. ಇಂತಹ ಮನೆಯ ವಿದ್ಯಾರ್ಥಿ ಒಂದು ವಾರ ಹೊತ್ತಿಗೆ ಸರಿಯಾಗಿ ಬಂದು ಮುಂದಿನ ವಾರ ತಡವಾಗಿ ಬಂದರೆ ಅಧ್ಯಾಪಕರು ಅವನನ್ನು ಸೋಮಾರಿಯೆಂದು ತಿಳಿಯುವ ಮೊದಲು ಪಂಚಾಂಗವನ್ನೊಮ್ಮೆ ನೋಡುವುದು ಒಳ್ಳೆಯದು.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಬೇಕಾಗಿದೆ. ಗಂಡುಹುಡುಗ ಅಂಗಡಿಯಲ್ಲಿ ನಿಂತರೆ ಅದಕ್ಕೆ ಕೆಲಸವೆಂದು ಹೆಸರು. ಅವನು ದಣಿದು ಬಂದನೆಂದು ತಟ್ಟೆಯನ್ನು ಅವನ ಮುಂದೆ ಇಡುತ್ತಾರೆ. ಹುಡುಗಿ ಬೆಳಿಗ್ಗೆ ನೀರು ತಂದು, ದೋಸೆ ಹೊಯ್ದು, ತಮ್ಮಂದಿರನ್ನು ಶಾಲೆಗೆ ಕಳುಹಿಸಿ ಬಂದರೆ ಅದನ್ನು ಯಾವ ಲೆಕ್ಕದಲ್ಲಿಯೂ ಬರೆಯುವುದಿಲ್ಲ. ಆ ತಟ್ಟೆಯನ್ನು ಇಡುವವಳೂ ಅನೇಕ ವೇಳೆ ಅವಳೇ. 2023ರ ಜೂನ್ ತಿಂಗಳಿನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೇಟಿನ ಖರ್ಚು ಇಲ್ಲವಾಯಿತು. ಅದರಿಂದ ಹಣ ಉಳಿಯಿತು. ಹೊತ್ತನ್ನು ಉಳಿಸಿಕೊಡಬೇಕಾದವರು ಮನೆಯವರು. ನಾವು ಮೇಲೆ ಹಾಕಿದ 30 ಗಂಟೆಯ ಲೆಕ್ಕದಲ್ಲಿ ಅವಳ ಪಾಲಿಗೆ ಮನೆಗೆಲಸ ಒಂದಕ್ಕೇ 20 ಹೋದರೆ, ಅವಳಿಗೆ ಬುದ್ಧಿ ಹೇಳುವುದಕ್ಕಿಂತ ಅವಳ ಅಣ್ಣತಮ್ಮಂದಿರ ಕೈಗೆ ಪೊರಕೆಯನ್ನು ಕೊಡುವುದೇ ಹೆಚ್ಚು ಫಲಕಾರಿ.

ಇನ್ನು ಮೂರನೆಯ ಹೊರೆಯಾದ ಶೋಧನೆಯ ವಿಷಯ. ಮೊದಲನೆಯ ವರ್ಷದ ಹುಡುಗನಿಗೆ ಶೋಧನೆ ಏತಕ್ಕೆ ಎಂದು ಕೆಲವರು ಕೇಳಬಹುದು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿಯ ಕ್ರಮವನ್ನು ತಂದಾಗ ನಾಲ್ಕನೆಯ ವರ್ಷದಲ್ಲಿ ಸಂಶೋಧನೆಗೆ ಸ್ಥಾನವಿತ್ತು. 2024ರಲ್ಲಿ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಹಿಂದಿರುಗಿತು. ಕ್ರಮಗಳು ಬರುತ್ತವೆ, ಹೋಗುತ್ತವೆ. ಆದರೆ ಕಣ್ಣಿಗೆ ಕಂಡುದನ್ನು ಬರೆದಿಟ್ಟು, ಎಣಿಸಿ, ಹೋಲಿಸಿ, ಹೀಗೇಕೆ ಎಂದು ಕೇಳುವ ಅಭ್ಯಾಸಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಿಲ್ಲ. ಅದನ್ನು ನಾಲ್ಕನೆಯ ವರ್ಷದ ವರೆಗೆ ಮುಂದೂಡುವುದೂ ಸಲ್ಲದು. ಪಾಠವು ಇತರರು ಕಂಡುದನ್ನು ನಮಗೆ ತಿಳಿಸುತ್ತದೆ. ಶೋಧನೆಯು ನಾವೂ ಕಾಣಬಲ್ಲೆವು ಎಂಬ ಧೈರ್ಯವನ್ನು ಕೊಡುತ್ತದೆ. ಬಡ ವಿದ್ಯಾರ್ಥಿಗೆ ಈ ಧೈರ್ಯ ಹೆಚ್ಚು ಅವಶ್ಯಕ. ಅದೇ ಅವನ ಕೈಯಿಂದ ಎಲ್ಲಕ್ಕಿಂತ ಮೊದಲು ಜಾರುತ್ತದೆ.

ಆ ಪ್ರದೇಶದಲ್ಲಿ ಶೋಧನೆಗೆ ವಸ್ತುವಿಲ್ಲವೆಂದು ಹೇಳುವಂತಿಲ್ಲ. ಕುಮಟೆಯ ಬಾಳಿಗಾ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಎಂ. ಡಿ. ಸುಭಾಷ್ ಚಂದ್ರನ್ ಅವರು ಉತ್ತರ ಕನ್ನಡದ ದೇವರಕಾಡುಗಳನ್ನೂ ಅಳಿವೆಗಳನ್ನೂ ಅಭ್ಯಾಸ ಮಾಡಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಕುಮಟೆಯಲ್ಲಿ ಕ್ಷೇತ್ರಕೇಂದ್ರವನ್ನಿಟ್ಟು ಕೆಲಸ ನಡೆಸಿದ್ದಾರೆ. ಸುಮಾರು 4,800 ಹೆಕ್ಟೇರಿನಷ್ಟು ವಿಸ್ತಾರವಾದ ಅಘನಾಶಿನಿಯ ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದರ ದಂಡೆಯ ಗಜನಿ ಭೂಮಿಗಳಲ್ಲಿ ಉಪ್ಪುನೀರನ್ನು ತಾಳುವ ಕಗ್ಗ ಎಂಬ ಭತ್ತದ ತಳಿಯುಂಟು. ಹೊನ್ನಾವರದ ಬಳಿಯ ಗುಣವಂತೆಯಲ್ಲಿ ಕೆರೆಮನೆಯವರ ಯಕ್ಷಗಾನ ಮೇಳ 1934ರಿಂದ ನಡೆದು ಬಂದಿದೆ. ಭಟ್ಕಳದಲ್ಲಿ ಜೈನ ಬಸದಿಗಳೂ ಹಳೆಯ ದೇವಾಲಯಗಳೂ ಇವೆ. ಕೊಂಕಣಿಯ ನೆಲಗಟ್ಟಿನ ಮೇಲೆ ಪಾರಸಿ, ಅರಬ್ಬಿ ಮಾತುಗಳನ್ನು ಕೂಡಿಸಿಕೊಂಡ ನವಾಯತಿ ಭಾಷೆಯಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಾಡಿನಲ್ಲಿ ಮಳೆಯನ್ನು ಅಳೆಯುವುದೇ ಒಂದು ಶೋಧನೆಯ ಪ್ರಾರಂಭವಾಗಬಲ್ಲುದು.

ನಮ್ಮ ಮುಖ್ಯವಾದ ಸೂಚನೆ ಇಲ್ಲಿಯೇ ಇದೆ. ಮೂರು ಹೊರೆಗಳನ್ನು ಮೂರು ಬೇರೆ ಬೇರೆ ಗಂಟುಗಳಾಗಿ ಹೊತ್ತರೆ ಹೆಗಲು ಸೋಲುತ್ತದೆ. ಅವುಗಳಲ್ಲಿ ಎರಡನ್ನು ಒಂದರೊಳಗೆ ಕಟ್ಟಲು ಬರುವುದಾದರೆ ಭಾರ ಅಷ್ಟೇ ಇದ್ದರೂ ನಡಿಗೆ ಸುಲಭವಾಗುತ್ತದೆ. ಬಳಚು ಆಯುವ ಮನೆಯ ಹುಡುಗಿ ದಿನವೂ ಇಳಿತದ ಹೊತ್ತು, ಆಯ್ದ ಬುಟ್ಟಿಗಳ ಸಂಖ್ಯೆ, ಪೇಟೆಯ ಧಾರಣೆ ಈ ಮೂರನ್ನು ಒಂದು ಹಳೆಯ ನೋಟುಪುಸ್ತಕದಲ್ಲಿ ಬರೆದಿಡಲಿ. ಹತ್ತು ನಿಮಿಷದ ಕೆಲಸ. ವರ್ಷ ಕಳೆದ ಮೇಲೆ ಆ ಪುಸ್ತಕದಲ್ಲಿ ಇರುವಂತಹುದು ಯಾವ ಗ್ರಂಥಾಲಯದಲ್ಲಿಯೂ ಇರಲಾರದು. ಪ್ರಾಣಿಶಾಸ್ತ್ರದ ಅಧ್ಯಾಪಕರೂ ಅರ್ಥಶಾಸ್ತ್ರದ ಅಧ್ಯಾಪಕರೂ ಅದನ್ನು ಕೇಳಿ ಪಡೆಯುವಂತಾಗುತ್ತದೆ. ಮಲ್ಲಿಗೆಯ ತೋಟದ ಹುಡುಗ ಮಳೆಗೂ ಮೊಗ್ಗಿನ ಇಳುವರಿಗೂ ಇರುವ ಸಂಬಂಧವನ್ನು ಬರೆಯಲಿ. ಮೇಳದ ಆಟಕ್ಕೆ ಹೋಗುವವನು ಕಲಾವಿದರ ಬಾಯಿಂದ ಬಂದ ಹಳೆಯ ಮಾತುಗಳನ್ನು ಕೂಡಿಸಲಿ. ದುಡಿಮೆಯು ಶೋಧನೆಗೆ ಶತ್ರುವೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಕಟ್ಟಲು ಬಂದ ಪುಸ್ತಕಗಳನ್ನೇ ಓದಿದನು. 1813ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾಗಿ ಸೇರಿ ಮುಂದೆ ವಿದ್ಯುತ್ತಿನ ಮಹಾಶೋಧಕನಾದನು. ಆದರೆ ಒಂದನ್ನು ನೆನಪಿಡಬೇಕು: ಓದಲು ಅವಕಾಶ ಕೊಟ್ಟ ಯಜಮಾನನೊಬ್ಬ ಅವನಿಗೆ ಇದ್ದನು.

ವಿದ್ಯಾರ್ಥಿಗಳಿಗೆ ಹೇಳಬೇಕಾದುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲನೆಯ ಆರು ತಿಂಗಳಲ್ಲಿ ಸಾಧ್ಯವಾದಷ್ಟು ಕಡಿಮೆ ದುಡಿಯುವುದು ಮೇಲು. ಕಾಲೇಜಿನ ಪಾಠದ ರೀತಿ ಹೊಸದು; ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ಪಾಠ ಇನ್ನೂ ಹೊಸದು. ಆ ಅವಧಿಯಲ್ಲಿ ಬಿಟ್ಟುಹೋದ ತಳಪಾಯವನ್ನು ಆಮೇಲೆ ಹಾಕುವುದು ಕಷ್ಟ. ಅಗತ್ಯ ಬಿದ್ದರೆ ಬೇಸಗೆಯ ರಜದಲ್ಲಿ ಹೆಚ್ಚಾಗಿ ದುಡಿದು ಪಾಠದ ಕಾಲದಲ್ಲಿ ಕಡಿಮೆ ಮಾಡಿಕೊಳ್ಳಬೇಕು. ಎರಡನೆಯದಾಗಿ, ಕೆಲಸವನ್ನು ಆರಿಸುವ ಅವಕಾಶವಿದ್ದರೆ ಕೂಲಿಯ ಮೊತ್ತ ಒಂದನ್ನೇ ನೋಡದೆ ಹೊತ್ತನ್ನೂ ನೋಡಬೇಕು. ರಾತ್ರಿ ಹನ್ನೊಂದಕ್ಕೆ ಮುಗಿಯುವ ಹೆಚ್ಚಿನ ಕೂಲಿಗಿಂತ ಏಳಕ್ಕೆ ಮುಗಿಯುವ ಕಡಿಮೆ ಕೂಲಿ ಕೊನೆಗೆ ಲಾಭದ್ದು. ಚಿಕ್ಕ ಮಕ್ಕಳಿಗೆ ಪಾಠ ಹೇಳುವುದು ಹೇಳುವವನ ವಿದ್ಯೆಯನ್ನೂ ಗಟ್ಟಿಮಾಡುತ್ತದೆ. ಮೂರನೆಯದಾಗಿ, ಶೋಧನೆಗೆ ವಾರದಲ್ಲಿ ಎರಡು ಗಂಟೆಯನ್ನಾದರೂ ಮುಡಿಪಾಗಿಡಬೇಕು. ಉಳಿದ ಹೊತ್ತಿನಲ್ಲಿ ನೋಡೋಣವೆಂದರೆ ಹೊತ್ತು ಉಳಿಯುವುದೇ ಇಲ್ಲ. ನಾಲ್ಕನೆಯದಾಗಿ, ತಾನು ದುಡಿಯುತ್ತಿರುವ ವಿಷಯವನ್ನು ಅಧ್ಯಾಪಕರೊಬ್ಬರಿಗಾದರೂ ತಿಳಿಸಿರಬೇಕು. ಅದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ. ಶಿಷ್ಯವೇತನಗಳು ಎಷ್ಟೋ ಸಲ ಅರ್ಜಿ ಹಾಕುವ ಗಡುವು ಮುಗಿದ ಮೇಲೆ ತಿಳಿಯುತ್ತವೆ. ಮೊದಲೇ ತಿಳಿಸಬಲ್ಲವರು ಅಧ್ಯಾಪಕರೇ.

ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ಹೊರೆಯನ್ನೆಲ್ಲ ಮತ್ತೆ ಆ ಹೆಗಲಿನ ಮೇಲೆಯೇ ಇಟ್ಟಂತಾಯಿತು. ಕಾಲೇಜುಗಳು ಮಾಡಬೇಕಾದುದು ಒಂದುಂಟು. ಸಾತಾರೆಯಲ್ಲಿ ಭಾವುರಾವ್ ಪಾಟೀಲರು 1947ರಲ್ಲಿ ತೆರೆದ ಛತ್ರಪತಿ ಶಿವಾಜಿ ಕಾಲೇಜನ್ನು ‘ದುಡಿ, ಕಲಿ’ ಎಂಬ ತತ್ತ್ವದ ಮೇಲೆಯೇ ಕಟ್ಟಿದರು. ಹಣವಿಲ್ಲದ ಹುಡುಗ ಅಲ್ಲಿ ದುಡಿದು ತನ್ನ ಓದಿನ ಖರ್ಚನ್ನು ತಾನೇ ತೀರಿಸಬಹುದಾಗಿತ್ತು. ಆಗ ಸಾತಾರೆಯೂ ಕುಮಟೆಯೂ ಒಂದೇ ಪ್ರಾಂತದ ಊರುಗಳಾಗಿದ್ದವು. ಅಲ್ಲಿ ಸಾಧ್ಯವಾದುದು ಇಲ್ಲಿ ಅಸಾಧ್ಯವಲ್ಲ. ಪುಸ್ತಕಭಂಡಾರದಲ್ಲಿ ಪುಸ್ತಕಗಳನ್ನು ಜೋಡಿಸುವುದು, ಪ್ರಯೋಗಶಾಲೆಯ ಗಾಜಿನ ಸಾಮಾನುಗಳನ್ನು ತೊಳೆದಿಡುವುದು, ಗಿಡಗಳನ್ನು ಬೆಳೆಸುವುದು, ಕಚೇರಿಯ ಬರಹ, ಹಿಂದುಳಿದ ಸಹಪಾಠಿಗಳಿಗೆ ಪಾಠ ಹೇಳುವುದು, ಅಧ್ಯಾಪಕರ ಸಂಶೋಧನೆಗೆ ಅಂಕಿ ಅಂಶಗಳನ್ನು ಕೂಡಿಸುವುದು, ಇವೆಲ್ಲವೂ ವಾರಕ್ಕೆ ಹತ್ತು ಗಂಟೆಯ ಕೆಲಸಗಳು. ಇವುಗಳಿಗೆ ನ್ಯಾಯವಾದ ಸಂಬಳ ಕೊಟ್ಟು ಮೊದಲನೆಯ ವರ್ಷದ ಇಪ್ಪತ್ತು ಮಂದಿಗೆ ಹಂಚಿದರೆ ಇಪ್ಪತ್ತು ಮಂದಿ ರಾತ್ರಿಯ ಅಂಗಡಿಯಿಂದ ಹಿಂದಿರುಗಿದಂತಾಗುತ್ತದೆ. ಆವರಣದೊಳಗಿನ ಕೆಲಸಕ್ಕೆ ಬಸ್ಸಿನ ಪ್ರಯಾಣವಿಲ್ಲ. ಪರೀಕ್ಷೆಯ ವಾರದಲ್ಲಿ ಬಿಡುವನ್ನು ಕೇಳಿ ಪಡೆಯಬಹುದು. ಕೊನೆಯದಾಗಿ ಹೇಳಿದ ಕೆಲಸದಲ್ಲಂತೂ ಗಳಿಕೆಯೂ ಶೋಧನೆಯೂ ಪಾಠವೂ ಒಂದೇ ಮೇಜಿನ ಮೇಲೆ ಕೂಡುತ್ತವೆ.

ಇದಕ್ಕೆ ಹಣ ಎಲ್ಲಿಂದ ಎಂದು ಕೇಳಿದರೆ ಉತ್ತರ ದೂರವಿಲ್ಲ. ಈ ಮೂರು ಊರುಗಳ ಕಾಲೇಜುಗಳನ್ನು ಕಟ್ಟಿದ್ದೇ ಊರಿನವರ ಮತ್ತು ಊರು ಬಿಟ್ಟು ಹೋಗಿ ಬದುಕಿದವರ ಔದಾರ್ಯ. ಕಟ್ಟಡಕ್ಕೆ ಕೊಟ್ಟ ಹಣದ ಲೆಕ್ಕ ಗೋಡೆಯ ಕಲ್ಲಿನ ಮೇಲೆ ಇರುತ್ತದೆ. ಒಬ್ಬ ಹುಡುಗನ ವಾರದ ಹತ್ತು ಗಂಟೆಗೆ ಕೊಟ್ಟ ಹಣದ ಲೆಕ್ಕ ಯಾವ ಕಲ್ಲಿನ ಮೇಲೆಯೂ ಇರುವುದಿಲ್ಲ. ಆದರೆ ಕಲ್ಲುಕಟ್ಟಡ ಈಗಾಗಲೇ ನಿಂತಿದೆ. ಈಗ ನಿಲ್ಲಿಸಬೇಕಾದುದು ಅದರೊಳಗೆ ಬಂದು ಎರಡನೆಯ ವರ್ಷಕ್ಕೆ ಮೊದಲೇ ಹೊರಟುಹೋಗುವ ವಿದ್ಯಾರ್ಥಿಯನ್ನು.

ಶ್ರೋತೃಗಳಲ್ಲಿ ಅನೇಕರು ನಗರಗಳಲ್ಲಿ ಅಂಗಡಿ, ಕಾರ್ಖಾನೆ, ಕಚೇರಿಗಳ ಒಡೆಯರಾಗಿರಬಹುದು. ತಮ್ಮಲ್ಲಿಯೂ ಕಾಲೇಜಿನ ಹುಡುಗನೊಬ್ಬ ಸಂಜೆಯ ಹೊತ್ತು ಕೆಲಸಕ್ಕೆ ಬರುತ್ತಿರಬಹುದು. ಅವನ ಶ್ರದ್ಧೆಯನ್ನು ತಾವು ಮೆಚ್ಚಿರಲೂಬಹುದು. ಮೆಚ್ಚುಗೆಯ ಜೊತೆಗೆ, ಅವನ ಪರೀಕ್ಷೆ ಯಾವಾಗ ಎಂದು ಕೇಳಿ, ಆ ಹದಿನೈದು ದಿನ ಅವನನ್ನು ಸಂಬಳಸಹಿತ ಮನೆಗೆ ಕಳುಹಿಸುವುದಾದರೆ, ಇಂದಿನ ಈ ಭಾಷಣದಲ್ಲಿ ನಾವು ಹೇಳಿದ ಅರ್ಧ ಮಾತುಗಳು ಅನಾವಶ್ಯಕವಾಗುತ್ತವೆ.